ಹುಳಗಳ ಹಾಜರಿ

ನನಗೊಂದು ಚಟವಿದೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸಿ, ತಾರೀಖು ಹಾಕಿ, ವಹಿಯಲ್ಲಿ ಬರೆದಿಡುತ್ತೇನೆ. ಗ್ಯಾಸಿನ ಸಿಲಿಂಡರು ಎಷ್ಟು ದಿನ ಬಂತು, ತಿಂಗಳಲ್ಲಿ ಎಷ್ಟು ಸಲ ಬಸ್ಸು ತಪ್ಪಿತು, ಎಲ್ಲವೂ ಅಲ್ಲಿದೆ. ಒಂದು ಮದುವೆಯ ಊಟದಲ್ಲಿ ನಮ್ಮ ಸೋದರಮಾವ ಒಂಬತ್ತು ಸಲ ‘ಸಾಕು’ ಅಂದದ್ದು, ಎಲೆಗೆ ಕೈ ಅಡ್ಡ ಹಿಡಿದದ್ದು ಮಾತ್ರ ಒಂದೇ ಸಲ ಎಂಬುದೂ ಇದೆ. ಹಾನಗಲ್ಲಿನ ಒಂದು ಕಚೇರಿಯಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುವುದು ನನ್ನ ಕೆಲಸ. ಕೆಲಸದಿಂದ ಚಟ ಬಂತೆಂದು ಜನ ತಿಳಿದಿದ್ದಾರೆ. ಚಟ ಮೊದಲಿತ್ತು, ಕೆಲಸ ಆಮೇಲೆ ಬಂತು. ಇಂಥವಳ ಕಣ್ಣೆದುರೇ ನಾಲ್ಕುನೂರಕ್ಕೂ ಹೆಚ್ಚು ಜೀವಗಳು ಹೋದವಲ್ಲ, ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ಜೀವಗಳೆಂದರೆ ಎರೆಹುಳಗಳು. ಅಡಿಗೆಮನೆಯ ಕಸವನ್ನು ಅವುಗಳಿಗೆ ತಿನ್ನಿಸಿ ಗೊಬ್ಬರ ಮಾಡಬೇಕು, ಆ ಗೊಬ್ಬರದಲ್ಲಿ ಹಿತ್ತಿಲ ತುಂಬ ಹೂವು ಬೆಳೆಸಬೇಕು ಎಂಬ ಹುಚ್ಚು ನನಗೆ ಹಿಡಿಯಿತು. ಹಿರೇಬೆಂಡಿಗೇರಿಯ ರೈತರೊಬ್ಬರಲ್ಲಿ ಹುಳ ಕೊಂಡು, ಬಕೀಟಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಬಕೀಟು ನೋಡಿ ಕೇಳಿದಳು, “ಏನವಾ ಅದು?”

“ಎರಿಹುಳಾರಿ.”

“ಮೀನ ಹಿಡಿಯಾಕನು?”

“ಅಲ್ರಿ, ಸಾಕಾಕ.”

ಆಕೆ ತನ್ನ ರೊಟ್ಟಿಯ ಗಂಟನ್ನು ಆಚೆ ಮಗ್ಗುಲಿಗೆ ಸರಿಸಿಕೊಂಡಳು. ನನ್ನ ಕೊರಳು ನೋಡಿ, “ಮದಿವಿ ಆಗೇತನು?” ಅಂದಳು. ಇಲ್ಲವೆಂದೆ. “ಹೂಂ,” ಅಂದಳು, ಕಾರಣ ಸಿಕ್ಕವಳ ಹಾಗೆ.

ಮನೆಗೆ ಬಂದು ಒಂದು ಚಮಚದ ಹುಳ ಎಣಿಸಿದೆ. ಹದಿನಾಲ್ಕು. ಒಟ್ಟು ಮೂವತ್ತಾರು ಚಮಚ. ಹಾಗಾಗಿ ಐದುನೂರಾ ನಾಲ್ಕು. ತೂತು ಮಾಡಿದ ಟಬ್ಬಿನಲ್ಲಿ ಸಗಣಿ, ಒಣ ಎಲೆ ಹಾಸಿ ಬಿಟ್ಟೆ. ವಹಿಯಲ್ಲಿ ಹಾಜರಿ, ಗೈರು, ಪರಾರಿ ಎಂದು ಅಂಕಣ ಹಾಕಿದೆ. ಉಪ್ಪು, ಖಾರ, ಹುಳಿ, ಎಣ್ಣೆ ಹಾಕಬಾರದೆಂದು ರೈತರು ಹೇಳಿದ್ದನ್ನು ಮೊದಲ ಪುಟದಲ್ಲಿ ದುಂಡಗೆ ಬರೆದು ಕೆಂಪು ಗೆರೆ ಎಳೆದೆ.

ಇಲ್ಲಿ ಎಮ್ಮೆಯ ವಿಷಯ ಹೇಳಬೇಕು. ನಮ್ಮ ಹಿತ್ತಿಲ ಗೋಡೆಯಾಚೆ ಗಂಗವ್ವ ಚಿಗವ್ವನ ಮನೆ, ಆಕೆಗೊಂದು ಎಮ್ಮೆ. ನಾನು ಹುಟ್ಟುವ ಮೊದಲಿನಿಂದಲೂ ದಿನಾ ಮುಂಜಾನೆ ನಮ್ಮ ಮನೆಯ ಮುಸುರಿ ಬಕೀಟು, ಅಂದರೆ ಅಕ್ಕಿ ತೊಳೆದ ನೀರು, ಕಾಯಿಪಲ್ಲೆಯ ಸಿಪ್ಪೆ, ಗೋಡೆ ದಾಟಿ ಎಮ್ಮೆಗೆ ಹೋಗುತ್ತದೆ. ಆ ಕಡೆಯಿಂದ ಒಂದು ತಂಬಿಗೆ ಮಜ್ಜಿಗೆ ಬರುತ್ತದೆ. ಇನ್ನು ಮುಂದೆ ಕಸವೆಲ್ಲ ಹುಳಕ್ಕೆ ಎಂದು ನಾನು ಅವ್ವನಿಗೆ ಅಪ್ಪಣೆ ಮಾಡಿದೆ.

“ಹಂಗಾರ ಎಮ್ಮಿಗೆ?”

“ಅದಕ್ಕ ಮೇವು ಐತಲ್ಲವಾ.”

“ಹೂಂ,” ಅಂದಳು ಅವ್ವ. ಅದನ್ನು ಒಪ್ಪಿಗೆ ಎಂದು ಬರೆದುಕೊಂಡೆ.

ಅವ್ವ ಕಸವನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ನಾನು ಮುಚ್ಚಳ ತೆಗೆಯದೆ ತೂಗಿ, ಡಬ್ಬಿಯ ತೂಕ ಕಳೆದು, ಬರೆದುಕೊಂಡು, ಹಳಸಿದ ವಾಸನೆ ತಡೆಯದೆ ಮುಖ ಆಚೆ ತಿರುಗಿಸಿ ಟಬ್ಬಿಗೆ ಸುರಿದು, ಮೇಲೆ ಒಣ ಎಲೆ ಮುಚ್ಚಿ ಕಚೇರಿಗೆ ಓಡುತ್ತಿದ್ದೆ. ಆರನೆಯ ದಿನ ಹನ್ನೊಂದು ಹುಳ ಟಬ್ಬಿನ ಅಂಚಿಗೆ ಹತ್ತಿ ಕುಳಿತಿದ್ದವು. ಒಂಬತ್ತನೆಯ ದಿನ ನಲವತ್ತು ಎಲೆಯ ಮೇಲೆ ಸತ್ತು ಬಿದ್ದಿದ್ದವು. ನೀರು ಹೆಚ್ಚಿಸಿದೆ, ಕಡಿಮೆ ಮಾಡಿದೆ. ಟಬ್ಬನ್ನು ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಚ್ಚಲ ಮಗ್ಗುಲಿಗೆ ಎಳೆದೆ. ಸಾವು ನಿಲ್ಲಲಿಲ್ಲ. ರೈತರಿಗೆ ಫೋನು ಮಾಡಿದೆ. “ಖಾರ ಏನರ ಹಾಕೀರೇನು?” ಅಂದರು. “ಇಲ್ರಿ, ಬರೇ ಸಿಪ್ಪಿ,” ಎಂದು ಆಣೆ ಮಾಡಿದೆ. ಒಂದು ದಿನ ಅರ್ಧ ರಜೆ ಹಾಕಿದೆ. ಕಾರಣದ ಮುಂದೆ ‘ಮನೆಯಲ್ಲಿ ಅನಾರೋಗ್ಯ’ ಎಂದು ಬರೆದೆ. ಸುಳ್ಳೇನಲ್ಲ. ನನಗೆ ಊಟ ಸೇರುತ್ತಿರಲಿಲ್ಲ. ಸಾಕುತ್ತೇನೆಂದು ಊರು ಬಿಡಿಸಿ ತಂದವಳು ನಾನಲ್ಲವೇ?

ಇಪ್ಪತ್ತಮೂರನೆಯ ದಿನ, ರವಿವಾರ. ಬರಿಗೈಯಿಂದಲೇ ಟಬ್ಬು ಕೆದರಿದೆ. ಬದುಕಿದ್ದವು ಮೂವತ್ತೇಳು. ಕಣ್ಣೀರು ಬಂತು, ಒರೆಸಿಕೊಂಡೆ, ಅಷ್ಟೇ, ಕಣ್ಣಿಗೆ ಬೆಂಕಿ ಬಿದ್ದಂತಾಯಿತು! ದುಃಖ ಇಷ್ಟು ಉರಿಯುವುದಿಲ್ಲ. ಕೈ ಮೂಸಿದೆ. ಕೆಂಪು ಮೆಣಸಿನಕಾಯಿ ಅರೆದ ಚಟ್ನಿ, ರಂಜಕ. ಒಂದೇ ಕಣ್ಣಿನಲ್ಲಿ ಟಬ್ಬು ನೋಡಿದೆ: ಹಿಂಡಿದ ನಿಂಬೆಹಣ್ಣು, ಮಿರ್ಚಿಯ ತೊಟ್ಟು, ಎಣ್ಣೆಗಾಯಿಯ ಜಿಡ್ಡು, ಉಪ್ಪಿನಕಾಯಿಯ ಹೋಳು. ಅದೇ ಕಣ್ಣಿಗೆ ಗೋಡೆಯ ಹತ್ತಿರ ಅವ್ವ ಕಂಡಳು. ಸೌತೆಕಾಯಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ತುಂಬಿದ ಬಕೀಟನ್ನು ಗಂಗವ್ವ ಚಿಗವ್ವನಿಗೆ ದಾಟಿಸುತ್ತಿದ್ದಳು.

“ಅವ್ವಾ! ಏನ ಮಾಡಾಕತ್ತೀ?”

ಅವ್ವ ಹೆದರಲಿಲ್ಲ. “ಈ ಎಮ್ಮಿ ದಿನಾ ಮುಂಜಾನಿ ಗ್ವಾಡಿ ಮ್ಯಾಲೆ ಮಾರಿ ಇಟ್ಟು ನನ್ನ ನೋಡತೈತಿ. ಇಲ್ಲ ಅನ್ನಾಕ ಬಾಯಿ ಬರತೈತೇನು? ನಿನ್ನ ಹುಳಕ್ಕ ಮಾರೀನ ಇಲ್ಲ.”

“ಅದಕ್ಕ ಖಾರ ತಿನ್ನಸೂದನು?”

“ಕಸಾ ತಿಂತಾವ ಅಂದಿ. ಎಮ್ಮಿ ತಿನ್ಲಾರದ್ದ ಕಸಾ. ದಿನಾ ನಾವೂ ಅದನ್ನ ತಿಂತೇವಿ, ಸತ್ತೇವೇನು?”

ಖಾರ ಕೂಡದೆಂದು ಅವ್ವನಿಗೆ ಯಾವಾಗ ಹೇಳಿದ್ದೆನೆಂದು ವಹಿ ತಿರುವಿದೆ. ಆ ತಾರೀಖು ಎಲ್ಲೂ ಸಿಗಲಿಲ್ಲ. ನಿಯಮವನ್ನು ವಹಿಗೆ ಹೇಳಿದ್ದೆ, ಅಡಿಗೆ ಮಾಡುವವಳಿಗೆ ಹೇಳಿರಲಿಲ್ಲ. ಸಾಲದ್ದಕ್ಕೆ ಪ್ರತಿ ಪುಟದ ಕೆಳಗೆ ನನ್ನದೇ ಅಕ್ಷರ: ‘ಮಜ್ಜಿಗೆ, ಒಂದು ತಂಬಿಗೆ.’ ಇಪ್ಪತ್ತಮೂರು ದಿನ, ಇಪ್ಪತ್ತಮೂರು ತಂಬಿಗೆ. ಮುಸುರಿ ನಿಂತಮೇಲೂ ಮಜ್ಜಿಗೆ ಯಾಕೆ ಬರುತ್ತಿದೆ ಎಂದು, ಅಷ್ಟನ್ನೂ ಕುಡಿದ ನನಗೆ ಒಂದು ದಿನವೂ ಹೊಳೆಯಲಿಲ್ಲ.

“ಎಷ್ಟು ಉಳದಾವ ತಂಗಿ?” ಗೋಡೆಯಾಚೆಯಿಂದ ಗಂಗವ್ವ ಚಿಗವ್ವ ಕೇಳಿದಳು.

“ಮೂವತ್ತೇಳು.”

“ಹೆಸರೂ ಇಟ್ಟಿಯೇನು? ಇತ್ತಾಗ ತಾ, ನಮ್ಮ ತಿಪ್ಪ್ಯಾಗ ಬಿಡೂಣು. ಹಳೇ ಸಗಣಿ, ತಂಪ ಐತಿ.”

ಸೋತವಳಿಗೆ ಬೇರೆ ದಾರಿ ಏನಿತ್ತು? ಒಂದೊಂದಾಗಿ ಎಣಿಸಿ ಕೊಟ್ಟೆ.

ಎರಡು ತಿಂಗಳ ಮೇಲೆ ಚಿಗವ್ವ ಕರೆದಳು. ಸಲಿಕೆಯಿಂದ ತಿಪ್ಪೆಯ ಮಗ್ಗುಲು ಎಬ್ಬಿಸಿದಳು. ಒಳಗೆಲ್ಲ ಕೆಂಪಗೆ, ಒಂದರ ಮೇಲೊಂದು ಹೆಣೆದುಕೊಂಡು ಮಿಸುಕಾಡುತ್ತಿದ್ದವು. ತೂಕವಿಲ್ಲ, ತಾರೀಖಿಲ್ಲ, ನೋಡಿಕೊಳ್ಳಲು ನಾನಿಲ್ಲ, ಎಷ್ಟು ಸುಖವಾಗಿದ್ದವು! ವಹಿ ತೆರೆದು ಹದಿನೇಳರವರೆಗೆ ಎಣಿಸಿದೆ, ಹದಿನೆಂಟನೆಯದು ಮೂರನೆಯದರ ಕೆಳಗೆ ನುಸುಳಿತು. ಮತ್ತೆ ಒಂದರಿಂದ ಶುರುಮಾಡಿದೆ.

“ಭಾಳ ಅದಾವ ಅಂತ ಬರಿಯವಾ,” ಅಂದಳು ಚಿಗವ್ವ. “ನನಗ ಸಗಣಿ ಬಳಿಯೂದೈತಿ.”

ಹಾಜರಿಯ ಅಂಕಣದಲ್ಲಿ ‘ಭಾಳ’ ಎಂದು ಬರೆದೆ. ಸತ್ತವುಗಳ ಲೆಕ್ಕ ಇಪ್ಪತ್ತಮೂರು ಪುಟ, ಬದುಕಿದವುಗಳದ್ದು ಒಂದೇ ಮಾತು. ಎಷ್ಟು ನೋಡಿದರೂ ಮನಸ್ಸು ಒಪ್ಪಲಿಲ್ಲ. ಮನೆಗೆ ಬಂದಮೇಲೆ ಅದರ ಮುಂದೆ ಪೆನ್ಸಿಲ್ಲಿನಲ್ಲಿ ‘ಅಂದಾಜು’ ಎಂದು ಸೇರಿಸಿದೆ.