ಮಲಗುವ ಕೋಣೆಗೆ ಕಡಲು ಬಂದದ್ದು

"ಊರು ಆರಿಸೋದು ಅಂದ್ರೆ ಮರ ಆರಿಸಿದ ಹಾಗೆ ಕಣೇ. ತಟ್ಟಿ ನೋಡ್ಬೇಕು, ಮೂಸಿ ನೋಡ್ಬೇಕು. ಅದನ್ನ ನನಗೆ ಬಿಡು" ಎಂದು ಬಡಗಿ ಎದೆಯುಬ್ಬಿಸಿ ಹೇಳಿದಾಗ ಅವನ ಹೆಂಡತಿ ಮರುಮಾತಾಡಲಿಲ್ಲ. ಅದನ್ನು ಅವನು ಒಪ್ಪಿಗೆ ಎಂದುಕೊಂಡ. ಇಷ್ಟು ವರ್ಷ ಸಂಸಾರ ಮಾಡಿದವನು ಹಾಗೆ ಅಂದುಕೊಳ್ಳಬಾರದಿತ್ತು.

ವಿಷಯ ಇಷ್ಟೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಹೆಡ್ ನರ್ಸ್ ಆಗಿ ಬಡ್ತಿ ಬಂದಿತ್ತು, ಆದರೆ ಹೊರ ರಾಜ್ಯಕ್ಕೆ. ಅದರಲ್ಲೂ ಎರಡು ಆಯ್ಕೆ. ಒಂದು ರಾಜ್ಯದಲ್ಲಿ ಬೆಟ್ಟದ ಮೇಲಿನ ಆಸ್ಪತ್ರೆ, ಮೈ ಕೊರೆಯುವ ಒಣ ಚಳಿ. ಇನ್ನೊಂದು ರಾಜ್ಯದಲ್ಲಿ ಕಡಲ ದಂಡೆಯ ಆಸ್ಪತ್ರೆ, ಬೆವರಿಳಿಸುವ ಸೆಕೆ. ಯಾವುದು ಬೇಕೆಂದು ಶನಿವಾರ ಸಂಜೆ ಐದಕ್ಕೆ ಕಚೇರಿಯವರೇ ಫೋನ್ ಮಾಡಿ ಕೇಳುತ್ತಾರೆ. ಫೋನ್ ಎತ್ತದಿದ್ದರೆ ಬಡ್ತಿ ಇನ್ನೊಬ್ಬರ ಪಾಲು. ಅವಳು ಆ ಬಡ್ತಿಗಾಗಿ ಎಷ್ಟು ರಾತ್ರಿಪಾಳಿ ಮಾಡಿದ್ದಳೆಂಬುದು ಮನೆಯ ಗೋಡೆಗಳಿಗೂ ಗೊತ್ತಿತ್ತು.

ಬಡಗಿಗೆ ಬೆಟ್ಟವೇ ಬೇಕಾಗಿತ್ತು. ಕಾರಣ ಮಾತ್ರ ಬಾಯಿ ಬಿಡಲಿಲ್ಲ. ಬಾಗಿಲು ಮಾಡುವುದರಲ್ಲಿ ಅವನದು ಎತ್ತಿದ ಕೈ. "ನಾನು ಕೂರಿಸಿದ ಬಾಗಿಲು ಹಾಕಿದ್ರೆ ಒಳಗಿನ ಜಗಳ ಹೊರಗೆ ಕೇಳಿಸಲ್ಲ, ಹೊರಗೆ ನಿಂತ ನೆಂಟರ ದನಿ ಒಳಗೆ ಕೇಳಿಸಲ್ಲ" ಎಂದು ಬೀದಿಯುದ್ದಕ್ಕೂ ಹೇಳಿಕೊಂಡು ಓಡಾಡುವವನು. ಚೌಕಟ್ಟಿಗೂ ಬಾಗಿಲಿಗೂ ನಡುವೆ ಕೂದಲೆಳೆ ತೂರದ ಹಾಗೆ ಕೂರಿಸುತ್ತಿದ್ದ. ಕಡಲ ಗಾಳಿಯ ತೇವಕ್ಕೆ ಮರ ಉಬ್ಬುತ್ತದೆ. ಅಲ್ಲಿ ಅಂಥ ಬಾಗಿಲು ಕೂರಿಸಿದರೆ ಮೊದಲ ಮಳೆಗಾಲದಲ್ಲೇ ಊರಿಗೆ ಊರೇ ಅವನನ್ನು ಹುಡುಕಿಕೊಂಡು ಬರುತ್ತದೆ. ಕಟ್ಟಿಕೊಂಡ ಹೆಸರು ನೀರುಪಾಲು!

ಬಾಯಿಬಿಟ್ಟು ಹೇಳಿದರೆ ಸ್ವಾರ್ಥವಾಗುತ್ತದೆ. ಆದ್ದರಿಂದ ಪರೀಕ್ಷೆ ಇಡುವುದೆಂದು ನಿರ್ಧರಿಸಿದ. ಮಲಗುವ ಕೋಣೆಯಲ್ಲಿ ಒಂದು ದಿನ ಬೆಟ್ಟ, ಒಂದು ದಿನ ಕಡಲು. ಹವೆಯೂ ಅಲ್ಲಿಯದೇ, ಕಿಟಕಿಯ ನೋಟವೂ ಅಲ್ಲಿಯದೇ. ತೀರ್ಪು ನ್ಯಾಯವಾಗಿ ಬರಬೇಕು, ಬೆಟ್ಟದ ಕಡೆಗೇ ಬರಬೇಕು.

ಶುಕ್ರವಾರ ಬೆಟ್ಟ. ಹಿಮ ಮುಚ್ಚಿದ ಶಿಖರದ ದೊಡ್ಡ ಚಿತ್ರವೊಂದನ್ನು ನುಣುಪಾದ ಚೌಕಟ್ಟಿನಲ್ಲಿಟ್ಟು ಕಿಟಕಿಗೆ ನೇತುಹಾಕಿದ. ಮಂಜುಗಡ್ಡೆಯ ಬಕೆಟ್ ಮುಂದೆ ಫ್ಯಾನ್ ಇಟ್ಟ. ಕೂತವರಿಗೆಲ್ಲ ಹೊಸ ಕಂಬಳಿ, ಕೈಗೆ ಬಿಸಿ ಕಾಫಿ.

"ಹೇಗಿದೆ ಮಾವ?" ಎಂದು ಕೇಳಿದ.

ಮಾವನೆಂದರೆ ಹೆಂಡತಿಯ ತಂದೆ, ಇವರ ಜೊತೆಯಲ್ಲೇ ಇದ್ದವರು. ಕಡ್ಡಿಯಂಥ ಮೈ, ಮೃದು ಮಾತು. ಮೊಣಕಾಲು ಮಡಚಲಾಗದೆ ವರ್ಷಗಳಿಂದ ಎರಡು ಹಲಗೆ ಕಟ್ಟಿಕೊಂಡವರಂತೆ ನಡೆಯುತ್ತಿದ್ದರು. ಅವತ್ತು ಕುರ್ಚಿಯಿಂದ ಏಳುವಾಗ ಮಂಡಿ ಕಟಕಟ ಎಂದಿತು.

"ಚೆ... ಚೆ... ಚೆನ್ನಾಗಿದೆ ಅಳಿಯಂದ್ರೇ" ಎಂದರು, ಚಳಿಗೆ ನಡುಗುತ್ತಾ. "ನನ್ನ ಮಾತು ಲೆಕ್ಕಕ್ಕೆ ಹಿಡೀಬೇಡಿ. ನೀವಿಬ್ರೂ ಎಲ್ಲಿರ್ತೀರೋ ನಾನೂ ಅಲ್ಲೇ."

ಬಡಗಿ ಅದನ್ನೊಂದು ವೋಟೆಂದು ಲೆಕ್ಕ ಹಾಕಿದ. ಹೆಂಡತಿ ಅಪ್ಪನ ಕಾಲಿಗೆ ಇನ್ನೊಂದು ಕಂಬಳಿ ಸುತ್ತಿದಳು.

ಶನಿವಾರ ಮಧ್ಯಾಹ್ನ ಕಡಲು. ಈ ಸಲದ ನೋಟ ಬಡಗಿಯ ಸ್ವಹಸ್ತದ್ದು. ಪ್ಲೈವುಡ್ ಹಲಗೆಯ ಮೇಲೆ ಕೆಸರು ಬಣ್ಣದ ನೀರು, ಮುಳುಗುತ್ತಿರುವ ಒಂದು ದೋಣಿ, ದಡದಲ್ಲಿ ಅಳುತ್ತಿರುವಂತೆ ಕಾಣುವ ಒಂದು ನಾಯಿ. ಅದನ್ನು ಕಿಟಕಿಗೆ ಅಡ್ಡವಾಗಿ ನಾಲ್ಕೂ ಕಡೆ ಸ್ಕ್ರೂ ಹಾಕಿ ಬಿಗಿದ. ಸಾಮಾನು ಪೆಟ್ಟಿಗೆಯನ್ನು ಹಾಲ್‌ನಲ್ಲಿಟ್ಟು ಬಂದ. ಎರಡು ಕರೆಂಟ್ ಒಲೆಯ ಮೇಲೆ ಎರಡು ದೊಡ್ಡ ಪಾತ್ರೆ ನೀರು ಕುದಿಯಿತು. ಕಡಲೆಂದ ಮೇಲೆ ಉಪ್ಪಿಲ್ಲದಿದ್ದರೆ ಹೇಗೆ? ಎರಡು ಹಿಡಿ ಉಪ್ಪೂ ಬಿತ್ತು.

"ಇದೇನ್ರೀ, ನಮ್ಮನ್ನ ಬೇಯಿಸ್ತೀರೋ ಹೇಗೆ?"

"ಅಲ್ಲಿನ ಹವೆಯೇ ಹಾಗೆ ಕಣೇ. ನಾನೇನು ಮಾಡ್ಲಿ?" ಎಂದು ಬಡಗಿ ಪಾಪದ ಮುಖ ಮಾಡಿದ. ಆವಿಗೆ ಫೋನ್ ಕೆಡುತ್ತದೆಂದು ಹೆಂಡತಿಯ ಫೋನನ್ನು ಹಾಲ್‌ನ ಮೇಜಿನ ಮೇಲಿಡಿಸಿದ. ಬಾಗಿಲು ಹಾಕಿ, ಬಾಗಿಲ ಸುತ್ತ ಒದ್ದೆ ಬಟ್ಟೆ ಒತ್ತಿದ. ಬಾಗಿಲ ಮೇಲಿನ ಗವಾಕ್ಷಿಗೆ ಹಳೆಯ ದಿಂಬು ತುರುಕಿದ. "ಐದು ಹೊಡೆಯೋಕೆ ಸ್ವಲ್ಪ ಮುಂಚೆ ತೆಗೆಯೋಣ. ಅಲ್ಲೀವರೆಗೂ ಯಾರೂ ಬಾಗಿಲು ಮುಟ್ಟಬಾರ್ದು, ಪರೀಕ್ಷೆ ಕೆಡುತ್ತೆ."

ಕೋಣೆ ಹಬೆಯಿಂದ ತುಂಬಿತು. ಬಡಗಿಯ ಮೀಸೆಯಿಂದ ನೀರು ತೊಟ್ಟಿಕ್ಕಿತು. ಹೆಂಡತಿಯ ಸೀರೆ ಮೈಗೆ ಅಂಟಿತು. ಅವನು ಮಾತ್ರ ಗೆದ್ದವನ ಠೀವಿಯಲ್ಲಿ ಕಡಲ ದೋಷಗಳ ಮೇಲೆ ಭಾಷಣ ಮಾಡಿದ. ಬಟ್ಟೆ ಒಣಗಲ್ಲ, ಕಬ್ಬಿಣ ತುಕ್ಕು ಹಿಡಿಯುತ್ತೆ, ತಲೆಗೂದಲು ಉದುರುತ್ತೆ. ಮಾವ ಒಲೆಯ ಪಕ್ಕ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿ ಬಿಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಭಾಷಣದ ಭರದಲ್ಲಿ ಬಡಗಿ ಅದನ್ನು ನೋಡಲಿಲ್ಲ. ನರ್ಸ್ ನೋಡಿದಳು.

"ಸಾಕು, ತೆಗೀರಿ. ಫೋನ್ ಬರೋ ಹೊತ್ತಾಯ್ತು" ಎಂದಳು.

ಬಡಗಿ ಒಲೆ ಆರಿಸಿ ಹಿಡಿಕೆ ಎಳೆದ. ಬಾಗಿಲು ಬರಲಿಲ್ಲ. ಕಾಲು ಕೊಟ್ಟು ಎಳೆದ. ಹಿಡಿಕೆ ಮಾತ್ರ ಕೈಗೆ ಬಂತು. ಊರಿನವರ ಬಾಗಿಲಿಗೆಲ್ಲ ಮೂರು ಸಲ ವಾರ್ನಿಷ್ ಬಳಿಯುವ ಬಡಗಿ, ಸ್ವಂತ ಬಾಗಿಲಿಗೆ ಬಿಡುವಾದಾಗ ಬಳಿದರಾಯಿತೆಂದು ಬಿಟ್ಟೇ ಬಿಟ್ಟಿದ್ದ. ಬರಿಮೈಯ ಮರ ಹಬೆಯನ್ನೆಲ್ಲ ಕುಡಿದು, ಒದ್ದೆ ಬಟ್ಟೆಯ ನೀರನ್ನೂ ಹೀರಿ, ಚೌಕಟ್ಟಿನೊಳಗೆ ಗಡದ್ದಾಗಿ ಉಬ್ಬಿ ಕೂತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

"ಕೀಸುಳಿ ತಗೊಂಡು ಅಂಚು ಹೆರೆದ್ರೆ ಆಯ್ತು" ಎಂದ.

"ಎಲ್ಲಿದೆ ಕೀಸುಳಿ?"

"ಹಾಲ್‌ನಲ್ಲಿ."

"ಕಿಟಕಿ ತೆಗೀರಿ ಹಾಗಾದ್ರೆ."

"ಸ್ಕ್ರೂಡ್ರೈವರೂ ಹಾಲ್‌ನಲ್ಲೇ."

ಹೆಂಡತಿ ಮುಳುಗುತ್ತಿರುವ ದೋಣಿಯನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದಳು. "ಆ ದೋಣೀಲಿರೋದು ನನ್ನ ಬಡ್ತಿ ತಾನೆ?" ಎಂದಳು. ಬಡಗಿಗೆ ಆಗ ನಿಜಕ್ಕೂ ಹೆದರಿಕೆಯಾಯಿತು. ಬಾಗಿಲಿಗೆ ಭುಜ ಕೊಟ್ಟು ಗುದ್ದಿದ. ಬಾಗಿಲು ಅಲುಗಲಿಲ್ಲ, ಭುಜ ಊದಿತು.

ಅಷ್ಟರಲ್ಲಿ ತಲೆಯ ಮೇಲೆ ಏನೋ ಸರಿದ ಸದ್ದು. ಕೋಣೆಯಲ್ಲಿದ್ದ ಮೇಜನ್ನು ಬಾಗಿಲ ಬಳಿಗೆ ಎಳೆದು, ಅದರ ಮೇಲೆ ಸ್ಟೂಲಿಟ್ಟು ಮಾವ ಹತ್ತಿ ನಿಂತಿದ್ದರು! ದಿಂಬನ್ನು ಆಚೆ ತಳ್ಳಿದರು. ಎರಡೂ ಮಂಡಿ ಎದೆಗೆ ಮಡಚಿದರು. ಗವಾಕ್ಷಿಯೊಳಗೆ ಕಾಲು ತೂರಿಸಿ, ಕೈಯಲ್ಲಿ ಜೋತುಬಿದ್ದು, ಆಚೆ ದಿಂಬಿನ ಮೇಲೆ ಮೆತ್ತಗೆ ಇಳಿದರು. ಕಟಕಟ ಎಂಬ ಸದ್ದೇ ಇರಲಿಲ್ಲ.

"ಅಪ್ಪ, ನಿಮ್ಮ ಮಂಡಿ?" ಎಂದು ಮಗಳು ಕೂಗಿದಳು.

"ಬೆಣ್ಣೆ ಹಚ್ಚಿದ ಹಾಗಿದೆ ಮಗಳೇ" ಎಂದು ಆಚೆಯಿಂದ ದನಿ ಬಂತು. ಬೆನ್ನಿಗೇ ಫೋನ್ ರಿಂಗಾಯಿತು. "ಆಫೀಸಿನವರು. ಯಾವ ಊರು ಅಂತಿದ್ದಾರೆ. ಏನು ಹೇಳ್ಲಿ?"

ಹೆಂಡತಿ ಆಗಲೇ ಮೇಜು ಹತ್ತಿ ಗವಾಕ್ಷಿಗೆ ತಲೆಯಿಟ್ಟಿದ್ದಳು. ಶಬ್ದ ದಾಟಲು ಇದ್ದದ್ದು ಅದೊಂದೇ ದಾರಿ, ಈಗ ಅದನ್ನೂ ಅವಳ ತಲೆಯೇ ತುಂಬಿತ್ತು. ಬಡಗಿ ಬಾಗಿಲಿಗೆ ಬಾಯಿಟ್ಟು "ಬೆಟ್ಟ ಅನ್ನಿ ಮಾವ, ಬೆಟ್ಟ" ಎಂದು ಗಂಟಲು ಹರಿಯುವಂತೆ ಕಿರುಚಿದ. ಬಾಗಿಲು ಅವನು ಬೀದಿಯುದ್ದಕ್ಕೂ ಹೇಳಿಕೊಂಡ ಮಾತನ್ನು ಅಕ್ಷರಶಃ ಉಳಿಸಿಕೊಂಡಿತು. ಒಂದಕ್ಷರ ಆಚೆ ಹೋಗಲಿಲ್ಲ.

"ಕಡಲು ಅನ್ನಿ ಅಪ್ಪ" ಎಂದಳು ಹೆಂಡತಿ.

ಬಡಗಿ ಮಂಚದ ಮೇಲೆ ಕುಸಿದ. ಮರದ ಬಗ್ಗೆ ಅಷ್ಟೆಲ್ಲ ಯೋಚಿಸಿದವನು ಮಾವನ ಮಂಡಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅದಕ್ಕೆ ಅವನಿಗೆ ನಾಚಿಕೆಯಾಯಿತು. ಹೆಂಡತಿ ಕೆಳಗಿಳಿದು ಅವನ ಊದಿದ ಭುಜ ತಡವಿ ನೋಡಿದಳು. "ನಿಮಗೆ ಬೆಟ್ಟ ಯಾಕೆ ಬೇಕಾಗಿತ್ತು ಅಂತ ನನಗೆ ಮೊದಲೇ ಗೊತ್ತಿತ್ತು" ಎಂದಳು. "ಬಾಯಿಬಿಟ್ಟು ಹೇಳಿದ್ರೆ ಅರ್ಧ ಮನಸ್ಸಾದ್ರೂ ಮಾಡ್ತಿದ್ದೆ. ಆ ನಾಯಿ ಚಿತ್ರ ನೋಡಿದ ಮೇಲೆ ಮನಸ್ಸು ಮುರೀತು."

ಗವಾಕ್ಷಿಯಲ್ಲಿ ಮೊದಲು ಕೀಸುಳಿ ಕಾಣಿಸಿತು, ಅದರ ಹಿಂದೆ ಮಾವನ ಮುಖ. ಹಾಲ್‌ನ ಕುರ್ಚಿಯ ಮೇಲೆ ತುದಿಗಾಲಲ್ಲಿ ನಿಂತಿದ್ದರು.

"ಅಳಿಯಂದ್ರೇ, ನಿಮ್ಮ ಕೆಲಸದ ಬಗ್ಗೆ ಯೋಚನೆ ಮಾಡ್ಬೇಡಿ. ಅಲ್ಲಿನ ಕ್ವಾರ್ಟರ್ಸ್ ಬಾಗಿಲುಗಳೆಲ್ಲ ಉಬ್ಬಿ ಕೂತಿವೆಯಂತೆ. ನಿಮ್ಮ ಮನೇಲಿ ಯಾರಿಗಾದ್ರೂ ಬಾಗಿಲ ಕೆಲಸ ಗೊತ್ತಾ ಅಂತ ಅವರೇ ಕೇಳಿದ್ರು."

"ನೀವೇನಂದ್ರಿ ಮಾವ?" ಎಂದು ಬಡಗಿ ಆಸೆಯಿಂದ ತಲೆಯೆತ್ತಿದ.

"ನಮ್ಮ ಅಳಿಯಂದ್ರು ಅದರಲ್ಲಿ ಎತ್ತಿದ ಕೈ ಅಂದೆ. ಹಾಗಾದ್ರೆ ಈಗ್ಲೇ ಮಾತಾಡ್ಬೇಕು, ಫೋನ್ ಕೊಡಿ ಅಂದ್ರು. ಸ್ವಲ್ಪ ತಡ ಆಗುತ್ತೆ, ಬಾಗಿಲು ತೆಗೆಯೋಕೆ ಬರ್ತಾ ಇಲ್ಲ ಅಂದೆ."