ಕುಣಿಮಗ್ಗದ ಪೈಲಟ್

ತೆರೆಯ ಮೇಲಿನ ಉಕ್ಕಿನ ದೈತ್ಯ ಎಡಗಾಲು ಎತ್ತಿದಾಗಲೆಲ್ಲ ನಮ್ಮ ಅತ್ತೆಯ ಬಲಗಾಲಿನ ಹೆಬ್ಬೆರಳು ಚಾಪೆಯನ್ನು ಒತ್ತುತ್ತದೆ. ಅದು ಬಲಗಾಲು ಎತ್ತಿದರೆ ಇವರದು ಎಡ ಹೆಬ್ಬೆರಳು. ಒಂದು ಸಲವೂ ತಪ್ಪಿದ್ದನ್ನು ನಾನು ನೋಡಿಲ್ಲ. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ನಾಳೆ ಆಕಾಶದಿಂದ ಶತ್ರುಗಳು ಬಂದರೆ, ಇಡೀ ಇಳಕಲ್ಲಿನಲ್ಲಿ ಯುದ್ಧಯಂತ್ರ ನಡೆಸಬಲ್ಲವರು ನಮ್ಮ ಸೋದರತ್ತೆ ಒಬ್ಬರೇ!

ಅತ್ತೆ ನಲವತ್ತು ವರ್ಷ ಕುಣಿಮಗ್ಗದಲ್ಲಿ ಕೂತವರು. ನೆಲದಲ್ಲಿ ತೋಡಿದ ಕುಣಿಗೆ ಇಳಿದು, ಒಂದನ್ನು ಒತ್ತಿದರೆ ಇನ್ನೊಂದು ಏಳುವ ಕಾಲಿನಡಿಯ ಹಲಗೆಗಳನ್ನು ತುಳಿಯುತ್ತ, ಲಾಳಿ ಓಡಿಸುತ್ತ ಸೀರೆ ನೇಯುವವರು. ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ರವಿವಾರ ಅತ್ತೆಯ ಮನೆಗೆ ಹೋಗುತ್ತೇನೆ. ಒಂದು ರವಿವಾರ ಲ್ಯಾಪ್‌ಟಾಪಿನಲ್ಲಿ ಜಪಾನಿನ ಕಾರ್ಟೂನ್ ಧಾರಾವಾಹಿಯೊಂದನ್ನು ನೋಡುತ್ತಿದ್ದೆ. ಹದಿನೈದರ ಹುಡುಗಿಯೊಬ್ಬಳು ಬೆಟ್ಟದಷ್ಟು ಎತ್ತರದ ಯಂತ್ರದ ಎದೆಯೊಳಗೆ ಕೂತು, ಕೈಕಾಲು ಆಡಿಸಿ ಅದನ್ನು ಯುದ್ಧಕ್ಕೆ ನಡೆಸುವ ಕಥೆ. ಅತ್ತೆ ಹಿಂದಿನಿಂದ ಬಗ್ಗಿ ನೋಡಿದರು.

“ಇದೇನ ಬೇ, ಈ ಹುಡುಗಿ ಮಗ್ಗದಾಗ ಕುಂತಾಳಲ್ಲ!”

ಅಲ್ಲಿಂದ ಶುರು. ಒಟ್ಟು ಇಪ್ಪತ್ತಾರು ಭಾಗ, ವಾರಕ್ಕೊಂದು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಕನ್ನಡದಲ್ಲಿ ಓದಿ ಹೇಳಬೇಕು. ಯಾರು ಯಾವ ಕಾರಣಕ್ಕೆ ಏನು ಮಾಡುತ್ತಾರೆ, ಯಾರು ಉಳಿಯುತ್ತಾರೆ, ಯಾರು ಸಾಯುತ್ತಾರೆ ಎಂಬುದನ್ನು ತೀರ್ಮಾನಿಸುವುದು ಅತ್ತೆಯ ಕೆಲಸ.

ಮುಖವಾಡ ಹಾಕಿದ ಶತ್ರುನಾಯಕನ ಬಗ್ಗೆ ಅಂತರ್ಜಾಲದಲ್ಲಿ ಜನ ಪುಟಗಟ್ಟಲೆ ಬರೆದಿದ್ದಾರೆ. ಅವನು ರಾಜ್ಯ ಕಳೆದುಕೊಂಡ ರಾಜಕುಮಾರ ಅಂತೆ, ಹುಡುಗಿಯ ಅಣ್ಣನೇ ಅಂತೆ. ಅತ್ತೆಯದು ಒಂದೇ ಮಾತು: “ಹಲ್ಲು ಬ್ಯಾನಿ. ಗಲ್ಲ ಬಾತೈತಿ, ಮುಚ್ಚಕೊಂಡಾನ. ಸಿಟ್ಟು ನೋಡು ಅಂವಂದು!” ಹನ್ನೊಂದನೇ ಭಾಗದಲ್ಲಿ ಅವನು ಮುಖವಾಡ ತೆಗೆದ. ಎಡಗೆನ್ನೆಯ ಮೇಲೆ ಉದ್ದನೆಯ ಗಾಯದ ಕಲೆ.

“ಹಲ್ಲು ಕೀಳಿಸ್ಯಾನ,” ಎಂದರು ಅತ್ತೆ, ಸಮಾಧಾನದಿಂದ.

ಇನ್ನು ಗಡ್ಡದ ಸೇನಾಪತಿ. “ನಿಂತಲ್ಲೇ ಹುಕುಂ ಮಾಡ್ತಾನ. ಒಂದ ದಿನಾನೂ ಒಳಗ ಕುಂತಂವಲ್ಲ. ಇಂಥಾಂವ ಉಳಿಯಂಗಿಲ್ಲ ತಗೊ.” ಈ ಭವಿಷ್ಯ ಅವರಿಗೆ ಖಚಿತವಾದಾಗ ನಾನು ಹುನಗುಂದ ನಿಲ್ದಾಣದಲ್ಲಿ ಬಸ್ಸಿನೊಳಗಿದ್ದೆ. ಫೋನಿನಲ್ಲಿ ಅತ್ತೆ ಮಾತಾಡಿದರೆ ಹಿಂದಿನ ಸೀಟಿಗೂ ಕೇಳಿಸುತ್ತದೆ. “ಲೇ ಹುಡುಗಿ, ಆ ಗಡ್ಡದಂವ ಇವತ್ತ ಸಾಯ್ತಾನ ನೋಡ! ಲಗೂನ ಬಾ!”

ಪಕ್ಕದಲ್ಲಿದ್ದ ಹೆಂಗಸು ಮರುಕದಿಂದ ನನ್ನ ಕೈ ಹಿಡಿದರು. “ಹತ್ತಿರದವರೇನ್ರಿ? ಮಣ್ಣು ಮಾಡೋದು ಯಾವಾಗ್ರಿ?”

“ಇನ್ನಾ ಸತ್ತಿಲ್ರಿ. ಮೂರು ಗಂಟೇಕ ಗೊತ್ತಾಗ್ತೈತಿ.”

ಆಕೆ ಕೈ ಬಿಟ್ಟು ಕಿಟಕಿಯ ಕಡೆ ಸರಿದು ಕೂತರು. ಗಡ್ಡದವನು ಸತ್ತ, ಮೂರೂಕಾಲಿಗೆ.

ಆದರೆ ನಮ್ಮ ನಿಜವಾದ ಜಗಳ ಆ ಹುಡುಗಿಯ ಬಗ್ಗೆ. ಪ್ರತಿ ಭಾಗದಲ್ಲೂ ಹೆದರಿ “ಇಯಾ!” ಎಂದು ಕಿರುಚುತ್ತಾಳೆ, ಒಲ್ಲೆ ಎಂದರ್ಥ. ಆದರೂ ಮತ್ತೆ ಯಂತ್ರ ಹತ್ತುತ್ತಾಳೆ. ಯಾಕೆ? ಅಪ್ಪನ ಮೆಚ್ಚುಗೆಗೆ ಎಂದು ನಾನು ವಾದಿಸಿದೆ.

“ಅಪ್ಪ ಏನ ಮಾಡ್ಯಾನ ಬೇ? ಒಳಗ ಕುಂತ್ರ ಆಕಿ ಮುಗಿಲಿನಷ್ಟ ಎತ್ತರ. ಹೊರಗ ಬಂದ್ರ ಸಣ್ಣ ಹುಡುಗಿ. ಯಾರ ಕೇಳ್ತಾರ ಆಕಿನ್ನ?” ಎಂದ ಅತ್ತೆ, ಅದಕ್ಕೇ ಸೇರಿಸಿದರು: “ಮ್ಯಾಲ ಆಕಿಗೇನು, ಹತ್ತಾಕ ಇಳಿಯಾಕ ಲಿಫ್ಟ್ ಐತಿ!”

ಲಿಫ್ಟಿನ ಮೇಲಿನ ಈ ಹೊಟ್ಟೆಕಿಚ್ಚಿಗೆ ಕಾರಣವಿತ್ತು. ಅತ್ತೆಯ ಮೊಣಕಾಲುಗಳು ಬಾತಿದ್ದವು. ದವಾಖಾನೆಗೆ ಕರೆದೊಯ್ದೆ. “ಕುಣಿ ಇಳಿಯೋದು ಹತ್ತೋದು ಬಿಡಬೇಕ್ರಿ ಅಮ್ಮಾರ,” ಎಂದರು ಡಾಕ್ಟರು.

“ಇಯಾ,” ಎಂದರು ಅತ್ತೆ.

ಡಾಕ್ಟರು ನನ್ನ ಮುಖ ನೋಡಿದರು. “ಹೂಂ ಅಂತಾರ್ರಿ,” ಎಂದು ಅನುವಾದಿಸಿದೆ.

ಬರುವ ದಾರಿಯಲ್ಲಿ ಅತ್ತೆ ಪಂಥ ಕಟ್ಟಿದರು. “ಕಡೇ ಭಾಗದಾಗ ಆಕಿ ಇಳದ್ರ ನಾ ಇಳಿಯಂಗಿಲ್ಲ. ಆಕಿ ಇಳೀಲಿಲ್ಲಂದ್ರ ನಾ ಇಳಿಯಾಕಿನ.” ಎರಡು ಸಲ ಯೋಚಿಸಿದ ಮೇಲೆ ನನಗೆ ಅರ್ಥವಾಯಿತು: ಹುಡುಗಿ ಯಂತ್ರದಿಂದ ಇಳಿದು ಬಂದರೆ ಅತ್ತೆ ಕುಣಿಗೆ ಇಳಿಯುವುದನ್ನು ಬಿಡುತ್ತಾರೆ. ನಲವತ್ತು ವರ್ಷದ ಮಗ್ಗದ ಹಣೆಬರಹ ಈಗ ಜಪಾನಿನವರ ಕೈಯಲ್ಲಿ!

ನಾನು ಮೋಸಗಾತಿ. ಬಾಗಲಕೋಟೆಯಲ್ಲಿ ಕೊನೆಯ ಭಾಗವನ್ನು ಮೊದಲೇ ನೋಡಿಬಿಟ್ಟೆ. ಯುದ್ಧ ಗೆದ್ದಾಗಿದೆ, ಯಂತ್ರ ಹೊತ್ತಿ ಉರಿಯುತ್ತಿದೆ. ಅದನ್ನು ರಿಪೇರಿ ಮಾಡುವ ಮುದುಕ ಕೆಳಗೆ ನಿಂತು “ಇಳಿ” ಎಂದು ಬೇಡುತ್ತಾನೆ. ಹುಡುಗಿ ಒಲ್ಲೆನೆಂದು ಸಮುದ್ರದ ಕಡೆ ನಡೆಯುತ್ತಾಳೆ. ಮಂಜು. ಮುಗಿಯಿತು.

ರವಿವಾರ ಮಧ್ಯಾಹ್ನ ಅತ್ತೆಯ ಪಕ್ಕ ಕೂತು, ಹುಡುಗಿಯ ಆ ಸಾಲು ಬಂದಾಗ ಗಂಭೀರವಾಗಿ ಓದಿದೆ: “ಹೂಂ ಅಜ್ಜಾ, ಇಳೀತೇನಿ.”

ತೆರೆಯ ಮೇಲೆ ಯಂತ್ರ ನೀರಿನೊಳಗೆ ನಡೆಯುತ್ತಿತ್ತು.

“ಮತ್ತ ಅದರಾಗ ಯಾರ ಅದಾರ?”

“ಯಾರೂ ಇಲ್ಲ ಅತ್ತಿ. ಖಾಲಿ ಹೊಂಟೈತಿ.”

“ಖಾಲಿ ಮಗ್ಗ ನೇಯ್ತೈತೇನ?” ಅತ್ತೆ ತೆರೆಯಿಂದ ಕಣ್ಣು ತೆಗೆಯಲಿಲ್ಲ. “ಆಕಿ ಇಯಾ ಅಂದ್ಲು. ಇಪ್ಪತ್ತಾರು ವಾರ ಕೇಳೇನಿ. ದವಾಖಾನ್ಯಾಗೂ ನೀ ಹಿಂಗ ಮಾಡಿದಿ.”

ಬೈಯುತ್ತಾರೆಂದು ಕಾದೆ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟರು.

“ಆಕಿ ಸತ್ಲು ಅಂತ ಅಂಜಿದೇನು?”

ಹೌದೆಂದು ತಲೆಯಾಡಿಸಿದೆ.

“ಸತ್ತಿಲ್ಲ ಹುಚ್ಚಿ. ಮಂಜಿನಾಗ ಹೋಗುಮುಂದ ಎಡಗಾಲು ಎತ್ತಿತ್ತು, ನೋಡಲಿಲ್ಲೇನ? ಒಳಗ ತುಳಿಯಾಕಿ ಇಲ್ಲದ ಆ ಕಾಲು ಏಳಂಗಿಲ್ಲ.” ತಮ್ಮ ಮೊಣಕಾಲನ್ನು ಮೆಲ್ಲಗೆ ಒತ್ತಿಕೊಂಡರು. “ಕುಂತಾಗ ಇವು ನೋಯಂಗಿಲ್ಲ ಬೇ. ಇಳಿಯಾಕ, ಹತ್ತಾಕ ಅಷ್ಟ.”

ಮರುದಿನ ಬೆಳಿಗ್ಗೆ ಬಾಗಲಕೋಟೆಯ ಮೊದಲ ಬಸ್ಸನ್ನು ಹತ್ತದೆ ಬಿಟ್ಟೆ. ಅತ್ತೆ ಏಳುವ ಮೊದಲೇ ಟೇಪು ಹಿಡಿದು ಕುಣಿಯ ಆಳ, ಅಗಲ, ಅಂಚಿನಿಂದ ಹಲಗೆಗಿರುವ ದೂರ ಅಳೆದು ಬರೆದುಕೊಂಡೆ. ಬಡಿಗೇರರ ಅಂಗಡಿಯ ಬಾಗಿಲು ಇನ್ನೂ ಅರ್ಧವೇ ತೆರೆದಿತ್ತು.

“ಏನ ಮಾಡಬೇಕ್ರಿ?” ಎಂದರು ಅವರು.

ಸಣ್ಣ ಸಣ್ಣ ಮೂರು ಮೆಟ್ಟಿಲು, ಎರಡೂ ಕಡೆ ಹಿಡಿಕೆ ಬರೆದಿದ್ದ ಚೀಟಿಯನ್ನು ಕೊಟ್ಟೆ.

“ಲಿಫ್ಟ್ ಬೇಕ್ರಿ,” ಎಂದೆ. “ಕಟ್ಟಿಗೀದು.”