ಮಗ್ಗದ ಮನೆಯ ಅನುಮಾನಗಳು

ಕಾಪು ಹತ್ತಿರದ ಒಂದು ನೇಕಾರರ ಸಂಘದಲ್ಲಿ ನಾನು ಮ್ಯಾನೇಜರ್. ಉಡುಪಿಯ ಕೈಮಗ್ಗದ ಸೀರೆಯನ್ನು ಉಳಿಸಬೇಕೆಂದು ಇಲಾಖೆಯವರು, ಊರಿನವರು, ಗಿರಾಕಿಗಳು ಎಲ್ಲರೂ ಬರುತ್ತಾರೆ. ಬಂದವರಿಗೆ ನಮ್ಮ ಮೇಲೆ ಸಂಶಯ, ನಮಗೆ ಬಂದವರ ಮೇಲೆ ಸಂಶಯ. ಹಾಗಾಗಿ ನಗುವಿಗೇನೂ ಬರವಿಲ್ಲ.

ಸರಿ ಇದ್ದದ್ದೇ ತಪ್ಪು

ಮಣಿಪಾಲದ ಪ್ರಾಧ್ಯಾಪಕಿಯೊಬ್ಬರು ಸೀರೆ ಬಿಡಿಸಿ, ಬೆಳಕಿಗೆ ಹಿಡಿದು, ಅಂಚು ಉಜ್ಜಿ ನೋಡಿದರು. "ಒಂದು ಎಳೆಯೂ ತಪ್ಪಿಲ್ಲ. ಇದು ಪವರ್‌ಲೂಮೇ ಇರಬೇಕು" ಎಂದರು.

ನಂಬಲಿ ಎಂದು ಒಳಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಅಕ್ಕ ನೇಯುತ್ತಿದ್ದರು. ಮೇಡಂ ಸ್ವಲ್ಪ ಹೊತ್ತು ನೋಡಿ, ಮೆಲ್ಲ ಮಗ್ಗದ ಅಡಿಗೆ ಬಗ್ಗಿದರು.

"ಎಂತ ಹುಡುಕುವುದು?" ಅಕ್ಕ ಕೇಳಿದರು.

"ವಯರ್ ಉಂಟಾ ಅಂತ."

"ವಯರ್ ಇದ್ದಿದ್ದರೆ ನಾನು ಮೊದಲು ಒಂದು ಫ್ಯಾನ್ ಹಾಕಿಸುತ್ತಿದ್ದೆ."

ದಿಢೀರ್ ತಪಾಸಣೆ

ಇಲಾಖೆಯ ಸಾಹೇಬರಿಗೆ, ತಾವು ಬರುವ ದಿನ ಮಾತ್ರ ನಮ್ಮ ಮಗ್ಗಗಳು ಸದ್ದು ಮಾಡುತ್ತವೆ ಎಂಬ ಅನುಮಾನ. ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದೇಬಿಟ್ಟರು. ಎಲ್ಲಾ ಮಗ್ಗ ನಿಂತಿದ್ದವು. ಇದ್ದದ್ದು ನಾನೊಬ್ಬ.

"ನೋಡಿ, ಸಿಕ್ಕಿಬಿದ್ದಿರಿ. ನೇಕಾರರೆಲ್ಲ ಎಲ್ಲಿ?"

"ಕಾರ್ಕಳಕ್ಕೆ ಹೋಗಿದ್ದಾರೆ ಸಾರ್."

"ಎಂತಕ್ಕೆ?"

"ಕೈಮಗ್ಗ ನಿಲ್ಲದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ನಿಮ್ಮ ಇಲಾಖೆಯದ್ದೇ ಕಾರ್ಯಾಗಾರ ಉಂಟಲ್ಲ. ಉದ್ಘಾಟನೆಗೆ ನಿಮ್ಮನ್ನೇ ಕಾಯುತ್ತಿದ್ದಾರಂತೆ."

ಬಂಗುಡೆ ಬಾಲ

ಊರಿನ ಮಹಿಳಾ ಮಂಡಲದವರು ಇಲಾಖೆಯ ಜೊತೆ ಸೇರಿ ಸೀರೆಗಳ ಪ್ರದರ್ಶನ ಇಡಲು ಹೊರಟರು. ಮಾಹಿತಿಗೆಂದು ಅವರ ಸದಸ್ಯೆಯೊಬ್ಬರು ಬಂದು, ಸೀರೆ ಅಂಚಿನ ಫೋಟೋ ತೆಗೆಯತೊಡಗಿದರು. ಇವಳು ವಿನ್ಯಾಸ ಕದಿಯಲು ಬಂದ ಪವರ್‌ಲೂಮಿನವರ ಕಡೆಯವಳೇ ಎಂದು ಅಕ್ಕನಿಗೆ ಖಾತ್ರಿಯಾಯಿತು.

"ಈ ಅಂಚಿಗೆ ಎಂತ ಹೆಸರು ಅಕ್ಕ?"

ಅದು ಸಾದಾ ಅಂಚು. ಆದರೆ ಅಷ್ಟು ಹೊತ್ತಿಗೆ ಹೊರಗೆ ಮೀನಿನವಳು "ಬಂಗುಡೆ, ಬಂಗುಡೆ" ಎಂದು ಕೂಗುತ್ತಿದ್ದಳು. "ಬಂಗುಡೆ ಬಾಲ" ಎಂದುಬಿಟ್ಟರು ಅಕ್ಕ.

ಪ್ರದರ್ಶನಕ್ಕೆ ಹೋದರೆ ದೊಡ್ಡ ಬೋರ್ಡು: 'ಬಂಗುಡೆ ಬಾಲ, ಕರಾವಳಿಯ ಅಪರೂಪದ ಪಾರಂಪರಿಕ ವಿನ್ಯಾಸ.' ಅಕ್ಕನ ಮುಖ ಸಣ್ಣದಾಯಿತು. ನೇರ ಸಾಹೇಬರ ಹತ್ತಿರ ಹೋಗಿ, "ಅದು ಸುಳ್ಳು ಸಾರ್. ನಾನೇ ಬಾಯಿಗೆ ಬಂದದ್ದು ಹೇಳಿದ್ದು. ಅದು ಬರೀ ಸಾದಾ ಅಂಚು" ಎಂದರು.

ಸಾಹೇಬರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಗೊತ್ತಾಯಿತು. ಹೆಸರು ಹೊರಗೆ ಹೋದರೆ ಬೇರೆಯವರು ಕದಿಯುತ್ತಾರೆ ಅಂತ ಮುಚ್ಚಿಡುವುದು ಅಲ್ವಾ? ಹೆದರಬೇಡಿ, ನಾವಿದ್ದೇವೆ."

ಬೋರ್ಡು ಹಾಗೇ ಉಳಿಯಿತು. ಈಗ ಜನ ಹೆಸರು ಹೇಳಿಯೇ ಆ ಸೀರೆ ಕೇಳಿಕೊಂಡು ಬರುತ್ತಾರೆ. ಮೊನ್ನೆ ಉಡುಪಿಯ ರಥಬೀದಿ ಕಡೆಯ ಅಮ್ಮ ಒಬ್ಬರು ಬಂದು, ಸೀರೆ ಬಹಳ ಮೆಚ್ಚಿದರು. ಆಮೇಲೆ ಅದನ್ನು ಮೂಗಿನ ಹತ್ತಿರ ತಂದು ಮೂಸಿ, ಅಕ್ಕನ ಕಿವಿಯಲ್ಲಿ ಕೇಳಿದರು:

"ಇದನ್ನು ಉಟ್ಟುಕೊಂಡು ಮಠಕ್ಕೆ ಹೋಗಬಹುದಲ್ಲ?"